ಮೂರು ಧರ್ಮಗಳ 'ಅರಿವು' ಕಲಿಸುವ ಆನ್‌ಲೈನ್ ಕೋರ್ಸ್: ಐದಕ್ಕೆ ಮೂರು

ಇಸ್ಲಾಂ, ಕ್ರೈಸ್ತ, ಯಹೂದಿ ಧರ್ಮಗಳಲ್ಲಿ ಜ್ಞಾನ ಅಂದ್ರೆ ಏನು ಅಂತ ಹೇಳಿಕೊಡುವ ಒಂದು ರೆಕಾರ್ಡೆಡ್ ಕೋರ್ಸ್ ಮುಗಿಸಿದೆ. ಸೇರಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗಾಗಿ ಇದು.

ಆದಮನ ಪಾಠ ಒಂದಕ್ಕೇ ಸೇರಬಹುದು. ಬೈಬಲ್‌ನಲ್ಲಿ ದೇವರು ತಿನ್ನಬೇಡ ಅಂದ ಮರ ಒಳ್ಳೆಯದು ಕೆಟ್ಟದ್ದರ ಅರಿವು ಕೊಡುವ ಮರ. ಕುರಾನ್‌ನಲ್ಲೂ ಒಂದು ಮರ ಇದೆ, ಆದರೆ ಅದಕ್ಕೂ ಅರಿವಿಗೂ ನಂಟಿಲ್ಲ, ಅದು ಸಾವಿಲ್ಲದ ಬದುಕಿನ ಮರ ಅಂತ ಸೈತಾನ ಆಸೆ ತೋರಿಸುತ್ತಾನೆ. ಅರಿವು ಅಲ್ಲಿ ಮೊದಲೇ ಸಿಕ್ಕಿರುತ್ತದೆ: ದೇವರೇ ಆದಮನಿಗೆ ಎಲ್ಲದರ ಹೆಸರು ಕಲಿಸುತ್ತಾನೆ, ಆ ಹೆಸರುಗಳು ದೇವದೂತರಿಗೇ ಗೊತ್ತಿರುವುದಿಲ್ಲ. ಬೈಬಲ್‌ನಲ್ಲಿ ಪ್ರಾಣಿಗಳಿಗೆ ಹೆಸರಿಡುವವನು ಆದಮನೇ. ಎಷ್ಟು ಸಲ ಕೇಳಿದ ಕಥೆ ಇದು, ಆದರೂ ಈ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ!

ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ಮಾತು-ನಡೆಗಳ ವರದಿಗಳು, ಅದರ ಪಾಠವೂ ಚೆನ್ನಾಗಿದೆ. ಮಾತೊಂದೇ ಸಾಲದು, ಅದನ್ನು ಯಾರು ಯಾರಿಂದ ಕೇಳಿದರು ಅನ್ನುವ ಸರಪಳಿ ಬೇಕು, ಆ ಸರಪಳಿಯ ಒಬ್ಬೊಬ್ಬರ ನೆನಪಿನ ಶಕ್ತಿ, ಪ್ರಾಮಾಣಿಕತೆ ಎರಡನ್ನೂ ಪರೀಕ್ಷಿಸುತ್ತಾರೆ.

ಆಮೇಲೆ ಕೋರ್ಸ್ ಸೊರಗುತ್ತದೆ. ಮೂರು ಧರ್ಮಕ್ಕೆ ಮೂರು ಡಬ್ಬಿ, ಒಂದರದ್ದು ಇನ್ನೊಂದಕ್ಕೆ ತಾಗುವುದೇ ಇಲ್ಲ. ಯಹೂದಿ ಪಂಡಿತ ಮೈಮೋನಿಡೀಸ್ ತಮ್ಮ ದೊಡ್ಡ ತತ್ವಗ್ರಂಥ ಬರೆದದ್ದು ಅರಬ್ಬಿಯಲ್ಲಿ, ಲಿಪಿ ಮಾತ್ರ ಹೀಬ್ರೂ. ಇದೇ ಮೈಮೋನಿಡೀಸರನ್ನು ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ 'ರಬ್ಬಿ ಮೋಸೆಸ್' ಅಂತ ಉದ್ಧರಿಸುತ್ತಾರೆ. ಇಷ್ಟು ಕೊಡು-ಕೊಳ್ಳುವಿಕೆ ಇದ್ದಾಗ ಗೋಡೆ ಯಾಕೆ? ಇಸ್ಲಾಂ ಪಂಡಿತ ಗಝಾಲಿ 1095ರಲ್ಲಿ ಪಾಠ ಮಾಡಲು ನಾಲಿಗೆಯೇ ಹೊರಳದಂತಾಗಿ ಬಾಗ್ದಾದಿನ ದೊಡ್ಡ ಹುದ್ದೆ ಬಿಟ್ಟು ಹೋದರು. 1273ರಲ್ಲಿ ಅಕ್ವಿನಾಸ್ ಬರೆಯುವುದನ್ನೇ ನಿಲ್ಲಿಸಿ, ತಾನು ಬರೆದದ್ದೆಲ್ಲ ಒಣಹುಲ್ಲು ಅಂದರಂತೆ. ಓದಿನ ತುದಿ ಮುಟ್ಟಿದ ಇಬ್ಬರು ಹೀಗೆ ಸುಮ್ಮನಾಗಿಬಿಟ್ಟಿದ್ದನ್ನು ಪಕ್ಕ ಪಕ್ಕ ಇಟ್ಟು ಮಾತಾಡಬೇಕಿತ್ತು, ಅಲ್ವಾ? ಇಲ್ಲಿ ಒಬ್ಬರು ಎರಡನೇ ವಾರ, ಇನ್ನೊಬ್ಬರು ಐದನೇ ವಾರ, ಅಷ್ಟೇ.

ಜಾಸ್ತಿ ಬೇಜಾರಾಗಿದ್ದು ಯಹೂದಿ ಪಂಡಿತರ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನ ವಾರದಲ್ಲಿ. ಹವ್ರುತಾ ಅಂದರೆ ಇಬ್ಬರು ಎದುರು ಬದುರು ಕೂತು ಜೋರಾಗಿ ವಾದ ಮಾಡುತ್ತಾ ಓದುವುದು, ಸೋತ ಅಭಿಪ್ರಾಯವನ್ನೂ ತಾಲ್ಮುದ್ ಬಿಸಾಡದೆ ಇಟ್ಟುಕೊಂಡಿದೆ ಅಂತ ಪಾಠದಲ್ಲಿ ಹೇಳುತ್ತಾರೆ. ಕೇಳುತ್ತಾ ಕೂತವಳು ನಾನೊಬ್ಬಳೇ! ಚರ್ಚೆಗೆ ಜಾಗವಿಲ್ಲ. ಪ್ರಶ್ನೆ ಕಳಿಸಿದರೆ 'ನಿಮ್ಮ ಸಂದೇಶ ತಲುಪಿದೆ' ಅಂತ ಯಂತ್ರದ ಉತ್ತರ.

ಸಬ್‌ಟೈಟಲ್ ನಂಬಬೇಡಿ, 'ಇಲ್ಮ್' (ಅರಬ್ಬಿಯಲ್ಲಿ ಜ್ಞಾನ) ಅನ್ನುವ ಪದ ಬಂದಲ್ಲೆಲ್ಲ 'ಫಿಲ್ಮ್' ಅಂತ ಬರುತ್ತದೆ. ಸೇರುವುದಾದರೆ ಜಗಳವಾಡಲು ಒಬ್ಬ ಸ್ನೇಹಿತರನ್ನೂ ಸೇರಿಸಿಕೊಳ್ಳಿ.