ಪತ್ರಿಕೆಯ ಮೂಲಚಿತ್ರಕ್ಕೆ ಕಟ್ಟು: ದಾವಣಗೆರೆಯ ಫ್ರೇಮ್ ಅಂಗಡಿಗಳು

ದಾವಣಗೆರೆಯ ಒಳ್ಳೆಯ ಫ್ರೇಮ್ ಅಂಗಡಿಗಳ ಮರಗೆಲಸಕ್ಕೆ ಹೆಸರಿಡುವಂತಿಲ್ಲ. 45 ಡಿಗ್ರಿಯ ಮೂಲೆ ಸಂದಿಲ್ಲದೆ ಕೂರುತ್ತದೆ, ಗಾಜಿನ ಕಟಿಂಗ್ ಚೊಕ್ಕ. ದೇವರ ಪಟಕ್ಕೆ, ಮದುವೆ ಫೋಟೊಗೆ ಅಷ್ಟು ಸಾಕು. ಪತ್ರಿಕೆಗೆಂದು ಬರೆದ ಮೂಲಚಿತ್ರಕ್ಕೆ ಸಾಲದು.

ಮಕ್ಕಳ ಮಾಸಪತ್ರಿಕೆ ಚಂದಮಾಮದ ಚಿತ್ರಕಾರ ಶಂಕರ್ ಅವರನ್ನೇ ನೋಡಿ. ಶಂಕರ್, ಅಂದರೆ ಕೆ.ಸಿ. ಶಿವಶಂಕರನ್ (1924–2020), 1950ರ ದಶಕದ ಆರಂಭದಲ್ಲಿ ಚಂದಮಾಮ ಸೇರಿ ಸುಮಾರು ಆರು ದಶಕ ಅಲ್ಲೇ ಚಿತ್ರ ಬರೆದರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ತ್ರಿವಿಕ್ರಮ ಅವರ ಕೈಯದು. 2021ರಲ್ಲಿ ಮರಣೋತ್ತರ ಪದ್ಮಶ್ರೀ ಬಂತು. ಒಂದೇ ಚಿತ್ರ ಕನ್ನಡಕ್ಕೂ ತೆಲುಗಿಗೂ ತಮಿಳಿಗೂ ಹೋಗುತ್ತಿತ್ತು. ಅಚ್ಚಾದ ಪ್ರತಿ ಲಕ್ಷಾಂತರ ಇರಬಹುದು, ಕುಂಚ ಓಡಿದ ಹಾಳೆ ಒಂದೇ.

ಗೆರೆಚಿತ್ರವನ್ನು ಸಾಮಾನ್ಯವಾಗಿ ದೊಡ್ಡದಾಗಿ ಬರೆದು, ಅಚ್ಚಿಗೆ ಕುಗ್ಗಿಸುತ್ತಾರೆ. ಹಾಗಾಗಿ ಮೂಲದ ಅಂಚಿನಲ್ಲಿ ಪೆನ್ಸಿಲ್ ಅಳತೆ, ಪುಟಸಂಖ್ಯೆ ಉಳಿದಿರುತ್ತವೆ. ತಪ್ಪಿದ ಗೆರೆಯ ಮೇಲೆ ಪೋಸ್ಟರ್ ವೈಟ್ ಎಂಬ ಬಿಳಿ ಬಣ್ಣ ದಪ್ಪಗೆ ಕೂತಿರುತ್ತದೆ. ಅಂಗಡಿಯಲ್ಲಿ ಮೊದಲು ಹೋಗುವುದು ಅಂಚಿನ ಈ ಬರಹಗಳೇ. ಫ್ರೇಮಿಗೆ ಹೊಂದಲೆಂದು ಅಂಚು ಕತ್ತರಿಸುತ್ತಾರೆ. ‘ಅಂಚು ಕತ್ತರಿಸಬಾರದು’ ಎಂದು ಬಿಲ್ಲಿನ ಮೇಲೇ ಬರೆಸಿ.

ಎರಡನೆಯ ಕೇಡು ಸೆಲೊಟೇಪ್. ಅದರ ಅಂಟು ಹಳದಿಯಾಗಿ ಕಾಗದಕ್ಕಿಳಿದರೆ ಕಲೆ ಹೋಗುವುದು ಬಹಳ ಕಷ್ಟ. ಹಿಂದಿನ ಹಾರ್ಡ್‌ಬೋರ್ಡಿನ ಆಮ್ಲ ಹಾಳೆಯನ್ನು ಕಂದಾಗಿಸುತ್ತದೆ. ಗಾಜು ನೇರ ತಾಗಿದರೆ ಮಳೆಗಾಲದ ತೇವಕ್ಕೆ ಪೋಸ್ಟರ್ ವೈಟ್ ಅಂಟಿಕೊಂಡು, ಬಿಚ್ಚುವಾಗ ಗಾಜಿನ ಜೊತೆಗೇ ಕಿತ್ತು ಬರುತ್ತದೆ.

ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಹಿಂದೆ, ಮುಂದೆ ಇಡುವ ದಪ್ಪ ರಟ್ಟು) ನೀವೇ ಒಯ್ಯುವುದು ವಾಸಿ. ಎದುರಿನ ಬೋರ್ಡಿನ ಕಿಂಡಿ ಹಾಳೆಗಿಂತ ಸುತ್ತಲೂ 5 ಮಿ.ಮೀ. ದೊಡ್ಡದಿರಲಿ, ಅಂಚಿನ ಬರಹವೂ ಕಾಣುತ್ತದೆ. ಹಾಳೆಯ ಮೇಲಂಚಿನ ಹಿಂಬದಿಗೆ ಜಪಾನಿ ಕಾಗದದ ಎರಡೇ ಸಣ್ಣ ತುಂಡು, ಗೋಧಿ ಪಿಷ್ಟದ ಗಂಜಿಯಲ್ಲಿ ಅಂಟಿಸಿ, ಅವನ್ನು ಹಿಂದಿನ ಬೋರ್ಡಿಗೆ ಕೂಡಿಸಬೇಕು. ಮುಂದೆ ನೀರು ತಾಗಿಸಿದರೆ ಬಿಡುತ್ತದೆ. ಬೈಂಡಿಂಗ್‌ನವರ ಮೈಲುತುತ್ತ ಬೆರೆಸಿದ ಅಂಟು ಬೇಡವೇ ಬೇಡ, ಫೆವಿಕಾಲ್ ಅಂತೂ ಹತ್ತಿರ ಸುಳಿಯಬಾರದು. ಹಾಳೆಯ ಕೆಳಗಿನ ಅಂಚು ಸಡಿಲವಾಗಿಯೇ ಇರಲಿ: ಬೇಸಿಗೆಯಲ್ಲಿ ಕಾಗದ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ, ನಾಲ್ಕೂ ಕಡೆ ಬಿಗಿದರೆ ಅಲೆಅಲೆಯಾಗಿ ಏಳುತ್ತದೆ.

ದೃಶ್ಯಕಲಾ ಮಹಾವಿದ್ಯಾಲಯವಿರುವ ಊರಿನಲ್ಲಿ ಈ ಬೋರ್ಡ್ ಅಂಗಡಿಯಲ್ಲೇ ಸಿಗಬೇಕಿತ್ತು. ಸದ್ಯಕ್ಕೆ ಮರ, ಗಾಜು ಅವರಿಂದ ಕೊಳ್ಳಿ, ಕೂಡಿಸುವಾಗ ಎದುರಿಗೇ ನಿಲ್ಲಿ. ಮನೆಯಲ್ಲಿ ಒಳಗೋಡೆಗೆ, ಬಿಸಿಲು ಬೀಳದ ಕಡೆ ತೂಗುಹಾಕಿ. ಹಿಂದಿನ ಕೆಳಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ.