ಟೆಸ್ಟ್‌ಕಂಟೇನರ್ಸ್: ಮೂರು ವರ್ಷ ಬಳಸಿದ ಮೇಲೆ

ಟೆಸ್ಟ್‌ಕಂಟೇನರ್ಸ್ ಅಂದರೆ ಟೆಸ್ಟ್‌ಗೆ ಬೇಕಾದ ಡೇಟಾಬೇಸ್ ಮುಂತಾದವನ್ನು ಡಾಕರ್ ಕಂಟೇನರ್‌ಗಳಲ್ಲಿ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಪೆಟ್ಟಿಗೆಗಳಲ್ಲಿ) ಶುರು ಮಾಡಿ ಕೊಡುವ ಲೈಬ್ರರಿ. ನಮ್ಮದು ಜಾವಾ ಪ್ರಾಜೆಕ್ಟ್. ಟೆಸ್ಟ್ ಓಡಬೇಕಾದರೆ ಪೋಸ್ಟ್‌ಗ್ರೆಸ್, ರೆಡಿಸ್ ಅನ್ನುವ ಎರಡು ಡೇಟಾಬೇಸ್ ಬೇಕು. ಮೊದಲು ಇವನ್ನು ಡಾಕರ್‌ನಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಶುರು ಮಾಡುತ್ತಿತ್ತು, ಕೊನೆಯಲ್ಲಿ ಅದೇ ನಿಲ್ಲಿಸುತ್ತಿತ್ತು. ಟೆಸ್ಟ್ ಸರಿಯಾಗಿ ಮುಗಿದರೆ ತೊಂದರೆ ಇಲ್ಲ. ಮಧ್ಯದಲ್ಲಿ ಯಾರಾದರೂ ಬಿಲ್ಡ್ ಕ್ಯಾನ್ಸಲ್ ಮಾಡಿದರೆ?

ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಟೆಸ್ಟೂ ಕೆಂಪು. ಪೋಸ್ಟ್‌ಗ್ರೆಸ್ ಬಳಸುವ 5432 ಪೋರ್ಟ್ ಖಾಲಿ ಇಲ್ಲ ಅಂತ ಎರರ್. ಓಡುತ್ತಿರುವ ಕಂಟೇನರ್‌ಗಳ ಲಿಸ್ಟ್ ತೋರಿಸುವ ಡಾಕರ್ ಪಿಎಸ್ ಕಮಾಂಡ್ ಹೊಡೆದೆ. ಶುಕ್ರವಾರ ಸಂಜೆ ಕ್ಯಾನ್ಸಲ್ ಆದ ಬಿಲ್ಡ್‌ನ ಪೋಸ್ಟ್‌ಗ್ರೆಸ್ 'ಅಪ್ 2 ಡೇಸ್' ಅಂತ ತೋರಿಸುತ್ತಾ ಇನ್ನೂ ಓಡುತ್ತಲೇ ಇದೆ!

ಆಮೇಲೆ ಟೆಸ್ಟ್‌ಕಂಟೇನರ್ಸ್‌ಗೆ ಬಂದೆವು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ರಿಯುಕ್ ಅನ್ನುವ ಪುಟ್ಟ ಕಂಟೇನರ್. ಪ್ರೊಸೆಸ್ಸನ್ನು ಬಲವಂತವಾಗಿ ತಕ್ಷಣ ಕೊಲ್ಲುವ ಕಿಲ್ -9 ಹೊಡೆದರೆ ಜಾವಾದ ಶಟ್‌ಡೌನ್ ಹುಕ್ (ಮುಚ್ಚುವಾಗ ಓಡುವ ಕೋಡ್) ಓಡುವುದೇ ಇಲ್ಲ, ಅಂದರೆ ಸಾಯುವ ಟೆಸ್ಟ್ ತಾನೇ ಕ್ಲೀನ್ ಮಾಡಿ ಹೋಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ, ಹೊರಗಿನಿಂದ ಇನ್ನೊಬ್ಬರು ನೋಡುತ್ತಿರಬೇಕು. ರಿಯುಕ್ ಮಾಡುವುದು ಅದನ್ನೇ. ಟೆಸ್ಟ್ ಜೊತೆ ಒಂದು ಕನೆಕ್ಷನ್ ಹಿಡಿದಿರುತ್ತದೆ. ಅದು ಕಡಿದು 10 ಸೆಕೆಂಡ್ ಆದರೂ ಯಾರೂ ವಾಪಸ್ ಬರದಿದ್ದರೆ ಆ ಸೆಷನ್‌ನ (ಆ ಸಲದ ಟೆಸ್ಟ್ ಓಟದ) ಲೇಬಲ್ ಇರುವ ಕಂಟೇನರ್, ನೆಟ್‌ವರ್ಕ್, ವಾಲ್ಯೂಮ್ ಎಲ್ಲ ತೆಗೆದುಹಾಕಿ ತಾನೂ ಹೊರಡುತ್ತದೆ. ನಾನೇ ಬೇಕಂತ ಕಿಲ್ -9 ಹೊಡೆದು, ಪಕ್ಕದ ಟರ್ಮಿನಲ್‌ನಲ್ಲಿ ಲಿಸ್ಟ್ ಖಾಲಿಯಾಗುವುದನ್ನು ನೋಡಿದ್ದೇನೆ. ಪೋರ್ಟ್ ಜಗಳವೂ ಹೋಯಿತು, ಟೆಸ್ಟ್‌ಕಂಟೇನರ್ಸ್ ಪ್ರತಿ ಸಲ ಖಾಲಿ ಇರುವ ಪೋರ್ಟ್ ಹುಡುಕಿ ಕೊಡುತ್ತದೆ.

ರಿಯುಕ್‌ಗೆ ಡಾಕರ್ ಸಾಕೆಟ್, ಅಂದರೆ ಡಾಕರ್‌ಗೆ ನೇರವಾಗಿ ಆದೇಶ ಕೊಡುವ ದಾರಿ, ಬೇಕು. ಕೆಲವು ಕಡೆ ಸೆಕ್ಯುರಿಟಿಯವರು ಅದಕ್ಕೆ ಒಪ್ಪುವುದಿಲ್ಲ. ಆಗ ರಿಯುಕ್ ಆಫ್ ಮಾಡುವ ಸೆಟ್ಟಿಂಗ್ ಇದೆ, ಆದರೆ ಪ್ರತಿ ಬಿಲ್ಡ್‌ಗೂ ಹೊಸ ಮಷಿನ್ ಸಿಗುತ್ತದೆ ಅಂತಿದ್ದರೆ ಮಾತ್ರ ಅದನ್ನು ಮುಟ್ಟಿ. ರೀಯೂಸ್ (ಮುಂದಿನ ಸಲಕ್ಕೂ ಅದೇ ಕಂಟೇನರ್ ಬಳಸುವ ಸೆಟ್ಟಿಂಗ್) ಆನ್ ಮಾಡಿದ ಕಂಟೇನರನ್ನೂ ರಿಯುಕ್ ತೆಗೆಯುವುದಿಲ್ಲ, ಕೈಯಾರೆ ತೆಗೆಯಬೇಕು.

ಇನ್ನೊಂದು ಮುಖ್ಯ ವಿಷಯ. ಟೆಸ್ಟ್‌ಕಂಟೇನರ್ಸ್ ನೋಡಿಕೊಳ್ಳುವುದು ಡಾಕರ್ ಒಳಗಿರುವುದನ್ನು ಮಾತ್ರ. ನಮ್ಮ ಯುಐ ಟೆಸ್ಟ್ ನೇರವಾಗಿ ಮಷಿನ್ ಮೇಲೆ ಎನ್‌ಪಿಎಂ ಸ್ಟಾರ್ಟ್ (ಜಾವಾಸ್ಕ್ರಿಪ್ಟ್ ಆ್ಯಪ್ ಶುರು ಮಾಡುವ ಕಮಾಂಡ್) ಓಡಿಸುತ್ತದೆ, ಅದು ನೋಡ್ ಸರ್ವರ್ ಹುಟ್ಟಿಸುತ್ತದೆ, ನಾವು ಜಾವಾದಲ್ಲಿ ಪ್ರೊಸೆಸ್ ನಿಲ್ಲಿಸುವ ಡೆಸ್ಟ್ರಾಯ್ ಕರೆದಾಗ ಸಾಯುತ್ತಿದ್ದದ್ದು ಎನ್‌ಪಿಎಂ ಮಾತ್ರ, ನೋಡ್ ಸುಮ್ನೆ ಓಡುತ್ತಾ ಉಳಿಯುತ್ತಿತ್ತು. ಈಗ ಜಾವಾ 9ರಲ್ಲಿ ಬಂದ ಪ್ರೊಸೆಸ್‌ಹ್ಯಾಂಡಲ್‌ನಿಂದ ಮೊದಲು ಮರಿ ಪ್ರೊಸೆಸ್‌ಗಳನ್ನೆಲ್ಲ ಹುಡುಕಿ ನಿಲ್ಲಿಸಿ, ಆಮೇಲೆ ತಾಯಿಯನ್ನು ನಿಲ್ಲಿಸುತ್ತೇವೆ. ಟೆಸ್ಟ್‌ಗೆ ಬ್ರೌಸರ್ ಓಡಿಸುವ ಸೆಲೆನಿಯಂನಲ್ಲಿ ಕ್ಲೋಸ್ ಸಾಲದು, ಅದು ಆ ಒಂದು ವಿಂಡೋ ಮುಚ್ಚುತ್ತದೆ ಅಷ್ಟೇ. ಇಡೀ ಬ್ರೌಸರ್ ಮುಚ್ಚುವ ಕ್ವಿಟ್ ಕರೆಯಿರಿ, ಅದೂ ಟೆಸ್ಟ್ ಫೇಲ್ ಆದರೂ ಓಡುವ ಜಾಗದಲ್ಲಿ.