ಹೆಗಡೆ, ಹೆಗ್ಡೆ, ಹೆಗ್ಗಡೆ: ಸರ್‌ನೇಮ್ ಮೂಲ ಹೇಳುವ ಸೇವೆಗಳನ್ನು ಒಂದು ಹೆಸರಿಟ್ಟು ನೋಡಿದಾಗ

ಸರ್‌ನೇಮ್ ಟೈಪ್ ಮಾಡಿದರೆ ಅದರ ಅರ್ಥ, ಮೂಲ, ಯಾವ ದೇಶದಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನೆಲ್ಲ ಹೇಳುವ ಜಾಲತಾಣಗಳು ಈಗ ಬೇಕಾದಷ್ಟಿವೆ. ನಕ್ಷೆ ಸಾಮಾನ್ಯವಾಗಿ ಪುಕ್ಕಟೆ. ದುಡ್ಡು ಕೊಟ್ಟರೆ ಕೆಲವು ಪುಟಗಳ ಪಿಡಿಎಫ್ ವರದಿ ಬರುತ್ತದೆ. ಇನ್ನೂ ಸ್ವಲ್ಪ ಕೊಟ್ಟರೆ ಲಾಂಛನ ಅಚ್ಚು ಹಾಕಿದ, ಗೋಡೆಗೆ ತೂಗುಹಾಕುವ ಪಟ. ಇಲ್ಲಿ ವರದಿ ಮಾರುವ ಯಾವ ಕಂಪನಿಯ ಹೆಸರನ್ನೂ ಎತ್ತಿಲ್ಲ, ಏಕೆಂದರೆ ತೊಡಕು ಇಡೀ ಬಗೆಯ ಸೇವೆಯದ್ದು. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ನಕ್ಷೆಯನ್ನು ನೋಡಿ, ಆದರೆ ಓದುವ ಕ್ರಮ ತಿಳಿದು ನೋಡಿ. ವರದಿಗೆ ದುಡ್ಡು ಕೊಡಬೇಡಿ. ಪಟವಂತೂ ಬೇಡವೇ ಬೇಡ.

ಪರೀಕ್ಷೆಗೆ ಹೆಗಡೆಗಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ. ಇದು ಜಾತಿಯ ಹೆಸರಲ್ಲ, ಊರಿನ ಹೆಸರೂ ಅಲ್ಲ, ಹುದ್ದೆಯ ಹೆಸರು. ಹಳೆಯ ರೂಪ ಪೆರ್ಗಡೆ. ಪಾಲ್ ಹಾಲಾಯಿತು, ಪೆಸರ್ ಹೆಸರಾಯಿತು. ಹಾಗೆಯೇ ಪೆರ್ಗಡೆಯ ಪಕಾರ ಹಕಾರವಾಗಿ, ನಡುವಿನ ರಕಾರ ಮುಂದಿನ ಅಕ್ಷರದಲ್ಲಿ ಕರಗಿ ಹೆಗ್ಗಡೆ ಆಯಿತು. ಮಾತಿನಲ್ಲಿ ಸವೆದು ಹೆಗಡೆ, ಹೆಗ್ಡೆ. ಮೊದಲ ಭಾಗದ ‘ಪೆರ್’ ಎಂದರೆ ಹಿರಿದು. ಹೆಬ್ಬುಲಿ, ಹೆಮ್ಮರ, ಹೆಬ್ಬಾಗಿಲು, ಹೆದ್ದಾರಿಗಳಲ್ಲಿ ಇರುವುದೂ ಅದೇ. ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಗ್ಗಡೆ ಎಂದರೆ ಅಧಿಕಾರಿ. ಸುಂಕ ವಸೂಲಿಯ ಮೇಲ್ವಿಚಾರಕ ‘ಸುಂಕದ ಹೆಗ್ಗಡೆ’. ತೆಲುಗಿಗೆ ಹೋದ ಅದೇ ಮಾತು ಪ್ರೆಗಡ, ಪ್ರಗಡ ಆಗಿ ಕವಿ ಎರ್ರಾಪ್ರಗಡನ ಹೆಸರಿನಲ್ಲಿ ಉಳಿದಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಊರ ಹೆಸರಿನೊಳಗೆ ಕೂತಿದೆ.

ಇಷ್ಟನ್ನು ಸೇವೆಗಳು ಎಷ್ಟರ ಮಟ್ಟಿಗೆ ಹೇಳುತ್ತವೆ? ‘ಊರ ಮುಖ್ಯಸ್ಥ’ ಎಂಬ ಒಂದು ಸಾಲಿನ ಅರ್ಥ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅದು ಕಿಟ್ಟೆಲರ 1894ರ ನಿಘಂಟು ಮಗುಚಿದರೂ ಸಿಗುವಂಥದ್ದು. ಎಡವುವುದು ಅದರ ಮುಂದಿನ ಸಾಲಿನಲ್ಲಿ, ‘ಇದು ಇಂಥ ಜಾತಿಯ ಹೆಸರು’ ಎಂದು ಒಂದೇ ಜಾತಿಯನ್ನು ಬರೆಯುವಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರ, ಕುಮಟಾ ಕಡೆಯ ಹೆಗಡೆಯವರು ಬಹುಪಾಲು ಹವ್ಯಕ ಬ್ರಾಹ್ಮಣರು. ಉಡುಪಿ, ಕಾರ್ಕಳದ ಹೆಗ್ಡೆಯವರಲ್ಲಿ ಬಂಟರು ದೊಡ್ಡ ಪಾಲು. ಧರ್ಮಸ್ಥಳದ ಹೆಗ್ಗಡೆಯವರ ಮನೆತನ ಜೈನರದ್ದು. ಮಲೆನಾಡಿನಲ್ಲಿ ಒಕ್ಕಲಿಗ ಮನೆತನಗಳಿಗೂ ಹೆಗ್ಗಡೆ ಎಂಬ ಹೆಸರಿತ್ತು. ಕೊಂಕಣಿ ಮಾತಾಡುವ ಸಾರಸ್ವತರಲ್ಲೂ ಹೆಗ್ಡೆಯವರಿದ್ದಾರೆ. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದ ಕೆ. ಎಸ್. ಹೆಗ್ಡೆ, 1968ರಿಂದ ಧರ್ಮಾಧಿಕಾರಿಯಾಗಿರುವ ವೀರೇಂದ್ರ ಹೆಗ್ಗಡೆ: ಮೂರೂ ಹೆಸರಿನ ಕೊನೆಗೆ ಒಂದೇ ಪದವಿದೆ, ಆದರೆ ಮೂವರ ನಡುವೆ ರಕ್ತಸಂಬಂಧ ಹುಡುಕುವುದು ವ್ಯರ್ಥ. ಹುದ್ದೆ ಒಂದೇ, ಹುದ್ದೆ ಹಿಡಿದವರು ಬೇರೆ ಬೇರೆ. ಪಾಟೀಲ, ದೇಸಾಯಿ, ಗೌಡ ಎಂದು ಹುಡುಕುವವರಿಗೂ ಇದೇ ಮಾತು.

ಧರ್ಮಸ್ಥಳದ ಐತಿಹ್ಯದಲ್ಲಿ ಒಂದು ಸೊಗಸಾದ ಸಂಗತಿಯಿದೆ. ಹೆಗ್ಗಡೆಯವರ ಮನೆಯಾದ ನೆಲ್ಯಾಡಿ ಬೀಡಿನ ಮೂಲಪುರುಷನನ್ನು ಅಲ್ಲಿ ಬಿರ್ಮಣ್ಣ ಪೆರ್ಗಡೆ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ಹಕಾರವಾದ ಪಕಾರವನ್ನು ತುಳು ಬಿಟ್ಟುಕೊಡಲಿಲ್ಲ. ಮೂಲದವರು ಪೆರ್ಗಡೆ, ಇಂದಿನವರು ಹೆಗ್ಗಡೆ, ಮನೆತನ ಅದೇ. ಎರಡು ಕಾಗುಣಿತವನ್ನು ಎರಡು ಸರ್‌ನೇಮ್ ಎಂದು ಎಣಿಸುವ ಯಂತ್ರಕ್ಕೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಈಗ ನಕ್ಷೆ. ಮೊದಲು ಕೇಳಬೇಕಾದ್ದು ಅಂಕಿ ಎಲ್ಲಿಂದ ಬಂತು ಎಂದು. ಅಮೆರಿಕದ ಜನಗಣತಿ ಇಲಾಖೆ ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸರ್‌ನೇಮ್‌ಗಳ ಪಟ್ಟಿಯನ್ನು ಎಣಿಕೆ ಸಮೇತ ತಾನೇ ಪ್ರಕಟಿಸಿದೆ. 2010ರ ಪಟ್ಟಿಯಲ್ಲಿ 1,62,253 ಹೆಸರುಗಳಿವೆ. ನಮ್ಮ ಜನಗಣತಿಯಲ್ಲಿ ಅಂಥ ಪಟ್ಟಿ ಹೊರಬರುವುದಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗೋಪ್ಯ. ಹಾಗಾಗಿ ಭಾರತದ ಅಂಕಿ ಎಂದು ತೋರಿಸುವುದು ಫೋನ್ ಡೈರೆಕ್ಟರಿ, ಮತದಾರರ ಪಟ್ಟಿ, ಸಾಮಾಜಿಕ ಜಾಲತಾಣ ಇಂಥ ಕಡೆ ಸಿಕ್ಕ ಹೆಸರುಗಳಿಂದ ಇಡೀ ಜನಸಂಖ್ಯೆಗೆ ಹಿಗ್ಗಿಸಿದ ಅಂದಾಜು. ಒಂದೇ ನಕ್ಷೆಯಲ್ಲಿ ಅಮೆರಿಕದ ಎಣಿಕೆ, ಭಾರತದ ಅಂದಾಜು ಎರಡೂ ಒಂದೇ ಬಣ್ಣದಲ್ಲಿ ಕೂತಿರುತ್ತವೆ. ಭಾರತದ ಸಂಖ್ಯೆ ಕೊನೆಯ ಅಂಕಿಯವರೆಗೆ ಕರಾರುವಾಕ್ಕಾಗಿ ಕಂಡರೂ ಅದನ್ನು ದುಂಡಗೆ ಮಾಡಿಯೇ ಓದಿ.

ಹುಡುಕುವಾಗ ಕಾಗುಣಿತ ಬದಲಿಸಿ ಬದಲಿಸಿ ಕೊಡಬೇಕು. ಇಂಗ್ಲಿಷಿನಲ್ಲಿ ಎಚ್, ಇ, ಜಿ, ಡಿ, ಇ ಎಂದು ಒಮ್ಮೆ, ಜಿ ಆದ ಮೇಲೆ ಎ ಸೇರಿಸಿ ಒಮ್ಮೆ, ಎರಡು ಜಿ ಹಾಕಿ ಎ ಸಮೇತ ಒಮ್ಮೆ, ಕೊನೆಗೆ ಎ, ವೈ ಬರುವ ರೂಪ ಒಮ್ಮೆ, ಪೆರ್ಗಡೆ ಒಮ್ಮೆ. ಬಂದ ಐದೂ ಫಲಿತಾಂಶಗಳನ್ನು ಕೂಡಿಸುವ ಮುನ್ನ, ಆ ಜಾಲತಾಣ ಹತ್ತಿರದ ಕಾಗುಣಿತಗಳನ್ನು ತಾನೇ ಒಟ್ಟುಮಾಡಿದೆಯೇ ನೋಡಿ. ಮಾಡಿದ್ದರೆ ಒಬ್ಬರೇ ಎರಡು ಸಲ ಲೆಕ್ಕಕ್ಕೆ ಬರುತ್ತಾರೆ.

ಇನ್ನೊಂದು ಅಪಾಯ ಈ ಹೆಸರಿಗೇ ಅಂಟಿದ್ದು. ಜಿ ಮತ್ತು ಡಿ ಜಾಗ ಅದಲು ಬದಲಾದರೆ ಹೆಗ್ಡೆ ಹೋಗಿ ಹೆಡ್ಜ್ ಆಗುತ್ತದೆ. ಅದು ಇಂಗ್ಲಿಷಿನಲ್ಲಿ ಬೇಲಿ ಎಂಬ ಅರ್ಥದ ಪದ, ಇಂಗ್ಲೆಂಡಿನ ಒಂದು ಸರ್‌ನೇಮ್ ಕೂಡ. ಫೋನಿನ ಕೀಲಿಮಣೆ ತಾನಾಗಿಯೇ ಹೀಗೆ ತಿದ್ದುತ್ತದೆ, ಸ್ಕ್ಯಾನ್ ಮಾಡಿದ ಹಳೆಯ ಪುಟ ಓದುವ ಯಂತ್ರವೂ ಹೀಗೆ ತಪ್ಪುತ್ತದೆ. ಹೆಗ್ಡೆಯ ಪುಟದಲ್ಲಿ 1800ರ ದಶಕದ ಇಂಗ್ಲೆಂಡಿನ ಹಳ್ಳಿಗಳು ಕಂಡರೆ, ಅರ್ಥದ ಜಾಗದಲ್ಲಿ ‘ಬೇಲಿಯ ಬಳಿ ವಾಸಿಸಿದವರು’ ಎಂದಿದ್ದರೆ, ಆ ಪುಟವನ್ನು ಅಲ್ಲಿಗೇ ಮುಚ್ಚಿ. ಬೇರೆ ಹೆಸರಿನ ದಾಖಲೆಗಳು ಅದರಲ್ಲಿ ಬೆರೆತಿವೆ, ಬೇರ್ಪಡಿಸಲು ಬಳಕೆದಾರರ ಕೈಯಲ್ಲಿ ಆಗದು.

ಒಟ್ಟು ಸಂಖ್ಯೆ, ಸಾಂದ್ರತೆ ಎಂಬ ಎರಡು ಗುಂಡಿಗಳಿದ್ದರೆ ಸಾಂದ್ರತೆಯದ್ದನ್ನೇ ಒತ್ತಿ. ಒಟ್ಟು ಸಂಖ್ಯೆ ನೋಡಿದರೆ ಬೆಂಗಳೂರು, ಮುಂಬೈ ಮೇಲೆ ಬರುತ್ತವೆ; ಅದು ಕೆಲಸಕ್ಕೆ ಹೋದವರ ಲೆಕ್ಕ. ಸಾವಿರಕ್ಕೆ ಎಷ್ಟು ಎಂದು ನೋಡಿದಾಗ ಮಾತ್ರ ಹೆಸರಿನ ತವರು ಕಾಣುತ್ತದೆ. ಇಲ್ಲೇ ಈ ಸೇವೆಗಳ ದೊಡ್ಡ ಕೊರತೆ ಇರುವುದು: ಭಾರತದ ನಕ್ಷೆ ಹೆಚ್ಚಾಗಿ ರಾಜ್ಯದ ಮಟ್ಟಕ್ಕೆ ನಿಲ್ಲುತ್ತದೆ. ಇಡೀ ಕರ್ನಾಟಕಕ್ಕೆ ಒಂದೇ ಬಣ್ಣ ಬಳಿದರೆ ಬೀದರಿಗೂ ಹೊನ್ನಾವರಕ್ಕೂ ವ್ಯತ್ಯಾಸವೇ ಇಲ್ಲದಂತಾಯಿತು. ಹೆಗಡೆಯಂಥ ಹೆಸರಿಗೆ ತಾಲ್ಲೂಕಿನ ಮಟ್ಟದ ನಕ್ಷೆ ಬೇಕು, ಜಿಲ್ಲೆಯಾದರೂ ಬೇಕು.

ವರದಿಗೆ ಬರೋಣ. ವಂಶವೃಕ್ಷ ಕಟ್ಟಿಕೊಡುವ ಭಾಗ ತಂದೆ, ಅಜ್ಜ, ಮುತ್ತಜ್ಜ ಎಂದು ಸರ್‌ನೇಮ್ ಹಿಡಿದು ಮೇಲಕ್ಕೆ ಹೋಗುತ್ತದೆ. ಬಂಟರಲ್ಲಿ ಕುಟುಂಬ ನಡೆದದ್ದು ಅಳಿಯಸಂತಾನದಲ್ಲಿ. ಬರಿ ಎಂಬ ಕುಲ ಬರುವುದು ತಾಯಿಯ ಕಡೆಯಿಂದ. ತಂದೆಯ ಸರ್‌ನೇಮ್ ಹಿಡಿದು ಹೋದರೆ ನೀವು ತಲುಪುವುದು ಬೇರೆ ಕುಟುಂಬದ ಮನೆಗೆ. ಹವ್ಯಕರಲ್ಲಿ ತಂದೆಯ ಸಾಲು ಹೌದು, ಆದರೆ ಅಲ್ಲಿಯೂ ಸಂಬಂಧ ಗುರುತಿಸುವುದು ಗೋತ್ರದಿಂದ, ಮನೆಯ ಹೆಸರಿನಿಂದ. ಗೋತ್ರ ಬೇರೆಯಾದರೆ ಹೆಗಡೆಯವರ ಮನೆಗೂ ಹೆಗಡೆಯವರ ಮನೆಗೂ ಮದುವೆ ಆಗುತ್ತದೆ. ಯಕ್ಷಗಾನದ ಕಡೆ ನೋಡಿ: ಕೆರೆಮನೆ ಶಿವರಾಮ ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ. ಇಬ್ಬರನ್ನು ಬೇರೆ ಮಾಡಿ ತೋರಿಸುವುದು ಮೊದಲಿನ ಪದ. ಜನ ಕೆರೆಮನೆ, ಚಿಟ್ಟಾಣಿ ಎಂದೇ ಕರೆಯುವುದು ಅದಕ್ಕೆ. ನಿಜವಾದ ಕುಟುಂಬನಾಮ ಅಲ್ಲಿದೆ. ಸೇವೆಗಳ ಅರ್ಜಿಯಲ್ಲಿ ಅದಕ್ಕೆ ಪೆಟ್ಟಿಗೆಯೇ ಇರುವುದಿಲ್ಲ.

ದಾಖಲೆಗಳು ಎಲ್ಲಿವೆ ಎಂಬುದನ್ನೂ ಈ ವರದಿಗಳು ಹೇಳುವುದು ಕಡಿಮೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿನಲ್ಲೇ ಉಳಿಯಿತು. ಹೆಸರು ಬರೆಯುವ ಕ್ರಮದಲ್ಲೂ ಇದರ ಗುರುತಿದೆ. ಉತ್ತರದಲ್ಲಿ ತನ್ನ ಹೆಸರು, ತಂದೆಯ ಹೆಸರು, ಆಮೇಲೆ ಸರ್‌ನೇಮ್: ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ದಕ್ಷಿಣದಲ್ಲಿ ಊರಿನ ಹೆಸರು ಮೊದಲು: ಕೌಡೂರು ಸದಾನಂದ ಹೆಗ್ಡೆ. ಹೆಸರಿನ ನಡುವಿನ ಪದ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಆತನೇ. ಇದು ತಿಳಿಯದ ತಂತ್ರಾಂಶ ತಂದೆಯನ್ನೂ ಮಗನನ್ನೂ ಒಬ್ಬರೇ ಮಾಡಿಬಿಡುತ್ತದೆ.

ಲಾಂಛನದ ಪಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗುರಾಣಿ, ಸಿಂಹ, ಪಟ್ಟಿಗಳ ಆ ಚಿತ್ರ ಯೂರೋಪಿನ ಪದ್ಧತಿ. ಇಂಗ್ಲೆಂಡಿನಲ್ಲೇ ಅದನ್ನು ಕೊಡುವುದು ಒಬ್ಬ ವ್ಯಕ್ತಿಗೆ, ಅವನ ವಂಶಕ್ಕೆ. ಬರೀ ಸರ್‌ನೇಮ್‌ಗೆ ಲಾಂಛನ ಎಂಬುದು ಅಲ್ಲಿಯೂ ಇಲ್ಲ. ಹೆಗಡೆಗೆ ಎಲ್ಲಿಂದ ಬರಬೇಕು?

ಪುಕ್ಕಟೆ ಸೇವೆಗಳಲ್ಲಿ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ದಾಖಲೆಗಳ ಜಾಲತಾಣ ಬೇರೆಯೇ ತೂಕದ್ದು. ಅಲ್ಲಿ ಸ್ಕ್ಯಾನ್ ಮಾಡಿದ ಮೂಲ ಪುಟಗಳೇ ನೋಡಲು ಸಿಗುತ್ತವೆ, ಹರಿದ್ವಾರದ ಪಂಡಾಗಳು, ಅಂದರೆ ತೀರ್ಥಪುರೋಹಿತರು, ಯಾತ್ರಿಕರ ವಂಶಾವಳಿ ಬರೆದಿಟ್ಟ ವಹಿಗಳೂ ಸೇರಿ. ಆದರೆ ಆ ವಹಿಗಳಲ್ಲಿ ಹೆಚ್ಚಿನ ಪಾಲು ಉತ್ತರ ಭಾರತದವರದ್ದು. ಕರಾವಳಿಯ ಹೆಗಡೆಯವರು ಅಲ್ಲಿ ದೊಡ್ಡ ನಿರೀಕ್ಷೆ ಇಟ್ಟುಕೊಳ್ಳುವುದು ಬೇಡ.

ದುಡ್ಡು ಕೊಡುವ ವರದಿಗಿಂತ ಗಟ್ಟಿಯಾದ ಹಂಚಿಕೆಯ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡಬಹುದು. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಮತದಾರರ ಪಟ್ಟಿ ಕ್ಷೇತ್ರವಾರು, ಭಾಗವಾರು (ಒಂದು ಮತಗಟ್ಟೆಗೆ ಒಂದು ಭಾಗ) ಸಿಗುತ್ತದೆ. ಒಂದು ಪುಟಕ್ಕೆ 30 ಹೆಸರು, ಮೂರು ಸಾಲಿನಲ್ಲಿ ಹತ್ತು ಹತ್ತು. ಸಾವಿರ ಮತದಾರರ ಒಂದು ಭಾಗ ಎಂದರೆ ಸುಮಾರು 34 ಪುಟ, ಒಂದು ಗಂಟೆಯ ಕೆಲಸ. ಪಿಡಿಎಫ್ ಒಳಗೆ ಹುಡುಕುವ ಸೌಲಭ್ಯವನ್ನು ನಂಬಬೇಡಿ. ಪುಟ ಚಿತ್ರರೂಪದಲ್ಲಿದ್ದರೆ ಅದು ಏನನ್ನೂ ಹಿಡಿಯುವುದಿಲ್ಲ, ಕಣ್ಣಿನಿಂದಲೇ ಎಣಿಸಬೇಕು. ಹೆಂಗಸರ ಹೆಸರಿನಲ್ಲಿ ಎಷ್ಟೋ ಸಲ ಸರ್‌ನೇಮ್ ಇರುವುದಿಲ್ಲ, ಆಗ ಕೆಳಗಿನ ತಂದೆ ಅಥವಾ ಗಂಡನ ಹೆಸರಿನ ಸಾಲು ನೋಡಿ. ಇದನ್ನು ಮರೆತರೆ ಲೆಕ್ಕ ಅರ್ಧಕ್ಕೆ ಇಳಿದೀತು. ತುಳುನಾಡಿನ ಹಳೆಯ ಕಾಗದಗಳಲ್ಲಿ ಶೆಟ್ಟಿಗೆ ಶೆಡ್ತಿ ಇರುವಂತೆ ಹೆಗ್ಗಡೆಗೆ ಹೆಗ್ಗಡಿತಿ ಎಂಬ ರೂಪವೂ ಇದೆ, ಅದನ್ನೂ ಇದೇ ಹೆಸರಿಗೆ ಸೇರಿಸಿಕೊಳ್ಳಬೇಕು. ಸಿದ್ದಾಪುರದ ಒಂದು ಭಾಗ, ಕಾರ್ಕಳದ ಒಂದು, ತೀರ್ಥಹಳ್ಳಿಯ ಒಂದು, ಹೋಲಿಕೆಗೆ ಕೋಲಾರದ ಒಂದು ತೆಗೆದುಕೊಂಡರೆ ಹೆಸರಿನ ಇಳಿಜಾರು ಯಾವ ಕಡೆಗೆ ಎಂಬುದು ಸ್ಪಷ್ಟವಾಗುತ್ತದೆ. ಬರೆದುಕೊಳ್ಳುವುದು ಸಂಖ್ಯೆ ಮಾತ್ರ ಇರಲಿ. ಅಲ್ಲಿರುವವರ ಹೆಸರು, ಮನೆ ನಂಬರ್ ಯಾವುದನ್ನೂ ಬೇರೆ ಕಡೆ ಹಾಕಬೇಡಿ.

ಒಂದೇ ಮನೆತನದ ಬೆನ್ನು ಹತ್ತುವುದಾದರೆ ಪಹಣಿ ಉಪಯೋಗಕ್ಕೆ ಬರುತ್ತದೆ. ಒಂಬತ್ತನೇ ಕಾಲಂನಲ್ಲಿ ಜಮೀನುದಾರರ ಹೆಸರಿರುತ್ತದೆ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಸರ್‌ನೇಮ್ ಬಿನ್ ಆದ ಮೇಲೆ, ತಂದೆಯ ಹೆಸರಿನ ಬಾಲಕ್ಕೆ ಬರುವುದೇ ಹೆಚ್ಚು. ಈಗಿನ ಪಹಣಿಯಿಂದ ಮ್ಯುಟೇಷನ್ (ಹಕ್ಕು ಬದಲಾವಣೆ) ನಂಬರ್ ಹಿಡಿದು ಹಿಂದಿನದಕ್ಕೆ, ಅಲ್ಲಿಂದ ತಾಲ್ಲೂಕು ಕಚೇರಿಯ ಕೈಬರಹದ ಪುಸ್ತಕಕ್ಕೆ ಹೋಗಬೇಕು. ನಡುವೆ ಹೆಗಡೆ ಹೋಗಿ ಹೆಗ್ಗಡೆ ಎಂದು ಬರೆದಿದ್ದರೆ ಗಾಬರಿ ಬೇಡ. ಸರ್ವೆ ನಂಬರ್, ಹಿಸ್ಸಾ ನಂಬರ್ ಸರಿಹೊಂದಿದರೆ ಮನೆ ಅದೇ.

ಇದಕ್ಕಿಂತ ಹಿಂದಕ್ಕೆ, ಹೆಸರು ಇನ್ನೂ ಹುದ್ದೆಯಾಗಿದ್ದ ಕಾಲಕ್ಕೆ ಹೋಗಲು ಎಪಿಗ್ರಾಫಿಯಾ ಕರ್ನಾಟಿಕ ಇದೆ. ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುಮಾಡಿದ ಮಾಲೆ; ಸಂಪುಟಗಳ ಸ್ಕ್ಯಾನ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳು ಎಂಟನೇ ಸಂಪುಟದಲ್ಲಿವೆ. ಪೆರ್ಗಡೆ, ಪೆರ್ಗ್ಗಡೆ, ಹೆಗ್ಗಡೆ ಮೂರನ್ನೂ ಹುಡುಕಿ, ಸಿಕ್ಕಲ್ಲಿ ಶಕವರ್ಷಕ್ಕೆ 78 ಕೂಡಿಸಿ ಇಸವಿ ಗುರುತು ಹಾಕಿಕೊಳ್ಳಿ. ಅಲ್ಲಿ ಕಾಣುವ ಹೆಗ್ಗಡೆಯನ್ನು ಮುತ್ತಜ್ಜನೆಂದು ಮನೆಯ ವೃಕ್ಷಕ್ಕೆ ಸೇರಿಸಬೇಡಿ. ಅವನು ಆ ಕೆಲಸ ಮಾಡುತ್ತಿದ್ದವನು, ಅಷ್ಟೇ.